ತೆರೆದ ಬಾಗಿಲಿನ ನೃತ್ಯಶಾಲೆ

ಹಾಡುವವನಿಗೆ ಮರದ ನೆರಳು ಸಾಕು. ಕವಿತೆ ಬರೆಯುವವನಿಗೆ ಕಿಟಕಿಯ ಬಳಿಯ ಒಂದು ಮೂಲೆ ಸಾಕು. ಆದರೆ ನೃತ್ಯವನ್ನು ಕಲಿಯುವವನಿಗೆ ನೆಲ ಬೇಕು. ಕೈ ಚಾಚಿದರೆ ಗೋಡೆ ತಾಗದಷ್ಟು ವಿಸ್ತಾರ ಬೇಕು, ಮೇಲಕ್ಕೆ ನೆಗೆದರೆ ತಲೆ ತಾಗದಷ್ಟು ಎತ್ತರ ಬೇಕು. ಹಣವುಳ್ಳವರ ಮಕ್ಕಳಿಗೆ ಇಂಥ ಸ್ಥಳ ಸುಲಭವಾಗಿ ದೊರೆಯುತ್ತದೆ. ಬಡವರ ಕೇರಿಯಲ್ಲಿ ಹುಟ್ಟಿದ ಮಗುವಿಗೆ ಕುಣಿಯುವ ಆಸೆ ಮೂಡಿದರೆ ಅದು ಎಲ್ಲಿಗೆ ಹೋಗಬೇಕು? ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಈ ಪ್ರಶ್ನೆಗೆ ಒಬ್ಬ ನರ್ತಕನೂ ಅವನೊಡನೆ ಕೈಜೋಡಿಸಿದ ನೂರಾರು ಜನರೂ ಕಂಡುಕೊಂಡ ಉತ್ತರವೇ ಈ ಪಾಠದ ವಸ್ತು. ಮೋಟಾರು ಗಾಡಿಗಳ ಗ್ಯಾರೇಜಾಗಿದ್ದ ಒಂದು ಕಟ್ಟಡವನ್ನು ಅವರು ಮಕ್ಕಳ ನೃತ್ಯಶಾಲೆಯನ್ನಾಗಿ ಮಾಡಿಕೊಂಡರು.

ಆ ಶಾಲೆಯಲ್ಲಿ ಕಲಿಸುತ್ತಿದ್ದ ನೃತ್ಯದ ಹೆಸರು ಬ್ಯಾಲೆ. ಇದು ಇಟಲಿಯ ಅರಮನೆಗಳ ವಿನೋದಗೋಷ್ಠಿಗಳಲ್ಲಿ ಹುಟ್ಟಿ, ಫ್ರಾನ್ಸಿನ ರಾಜಾಸ್ಥಾನದಲ್ಲಿ ಬೆಳೆದ ಕಲೆ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ತಾನೇ ನರ್ತಕನಾಗಿದ್ದನು. 1661ರಲ್ಲಿ ಅವನು ನೃತ್ಯದ ಅಭ್ಯಾಸಕ್ಕಾಗಿ ಒಂದು ಅಕಾಡೆಮಿಯನ್ನು ಸ್ಥಾಪಿಸಿದನು. ಬ್ಯಾಲೆಯ ಹೆಜ್ಜೆಗಳನ್ನು ಲೋಕದ ಎಲ್ಲೆಡೆಯಲ್ಲಿಯೂ ಇಂದಿಗೂ ಫ್ರೆಂಚ್ ಹೆಸರುಗಳಿಂದಲೇ ಕರೆಯುವುದು ಇದರಿಂದಾಗಿಯೇ. ನಮ್ಮ ಭರತನಾಟ್ಯದ ನರ್ತಕಿ ಮೊಣಕಾಲುಗಳನ್ನು ಬಾಗಿಸಿ, ಅರೆಮಂಡಿಯಲ್ಲಿ ನಿಂತು, ಪಾದದಿಂದ ಭೂಮಿಯನ್ನು ತಟ್ಟುತ್ತಾಳೆ. ಬ್ಯಾಲೆಯ ನರ್ತಕಿ ಬೆರಳ ತುದಿಯ ಮೇಲೆ ನಿಂತು, ಭೂಮಿಯ ಸೆಳೆತವೇ ತನಗಿಲ್ಲವೆಂಬಂತೆ ತೇಲಲು ಹವಣಿಸುತ್ತಾಳೆ. ಎರಡೂ ಬಾಲ್ಯದಲ್ಲಿ ಪ್ರಾರಂಭವಾಗಿ ಅನೇಕ ವರ್ಷಗಳ ದೈನಂದಿನ ಸಾಧನೆಯನ್ನು ಬೇಡುವ ಕಲೆಗಳು. ಗುರುವಿಲ್ಲದೆ, ನೆಲೆಯಿಲ್ಲದೆ ಇವು ಕೈಗೂಡುವುದಿಲ್ಲ.

ಅರಮನೆಯಲ್ಲಿ ಬೆಳೆದ ಈ ಕಲೆ ಬಹುಕಾಲ ಅರಮನೆಯ ಬಿಗುಮಾನವನ್ನು ಬಿಟ್ಟಿರಲಿಲ್ಲ. ಇಪ್ಪತ್ತನೆಯ ಶತಮಾನದ ನಡುಗಾಲದ ಅಮೆರಿಕದಲ್ಲಿಯೂ ಬ್ಯಾಲೆ ಬಿಳಿಯರ ಸೊತ್ತೆಂಬ ಭಾವನೆ ಬಲವಾಗಿದ್ದಿತು. ಆಫ್ರಿಕನ್ ಮೂಲದ ಅಮೆರಿಕನ್ನರ ದೇಹರಚನೆ ಈ ನೃತ್ಯಕ್ಕೆ ಹೊಂದುವುದಿಲ್ಲವೆಂದು ವಿಮರ್ಶಕರಾದವರೂ ನಾಚಿಕೆಯಿಲ್ಲದೆ ಹೇಳುತ್ತಿದ್ದರು. ಆ ಮಾತನ್ನು ತನ್ನ ದೇಹದಿಂದಲೇ ಸುಳ್ಳುಮಾಡಿ ತೋರಿಸಿದವರು ಆರ್ಥರ್ ಮಿಚೆಲ್.

ಮಿಚೆಲ್ಲರು 1934ರ ಮಾರ್ಚ್ 27ರಂದು ನ್ಯೂಯಾರ್ಕಿನ ಹಾರ್ಲೆಮ್ ಎಂಬ ಭಾಗದಲ್ಲಿ ಜನಿಸಿದರು. ಹಾರ್ಲೆಮ್ ಮ್ಯಾನ್‌ಹಟನ್ ದ್ವೀಪದ ಉತ್ತರದಲ್ಲಿದೆ. ದಕ್ಷಿಣದ ರಾಜ್ಯಗಳ ದಬ್ಬಾಳಿಕೆಯಿಂದ ಪಾರಾಗಿ ದುಡಿಮೆಯನ್ನು ಅರಸಿ ಬಂದ ಕಪ್ಪು ಜನಾಂಗದವರು ಇಪ್ಪತ್ತನೆಯ ಶತಮಾನದ ಪ್ರಾರಂಭದಿಂದ ಅಲ್ಲಿ ನೆಲೆಸಿದರು. 1920ರ ದಶಕದಲ್ಲಿ ಅಲ್ಲಿ ಸಾಹಿತ್ಯವೂ ಸಂಗೀತವೂ ಚಿತ್ರಕಲೆಯೂ ಹೊಸ ಚೈತನ್ಯವನ್ನು ಪಡೆದವು. ಆದರೆ ಬಡತನ ಆ ಬೀದಿಗಳನ್ನು ಬಿಟ್ಟು ಹೋಗಲಿಲ್ಲ. ಮಿಚೆಲ್ಲರು ಹನ್ನೆರಡು ವರ್ಷದ ಬಾಲಕರಾಗಿದ್ದಾಗಲೇ ಸಂಸಾರದ ಭಾರ ಅವರ ಹೆಗಲಿಗೆ ಬಿದ್ದಿತು. ಪಾದರಕ್ಷೆಗಳಿಗೆ ಪಾಲಿಷ್ ಹಾಕಿದರು, ಮನೆಮನೆಗೆ ಪತ್ರಿಕೆ ಹಂಚಿದರು, ನೆಲ ಒರೆಸಿದರು. ಶಾಲೆಯ ಸಂತೋಷಕೂಟವೊಂದರಲ್ಲಿ ಅವರು ಕುಣಿಯುತ್ತಿದ್ದುದನ್ನು ಕಂಡ ಶಾಲೆಯ ಸಲಹೆಗಾರರೊಬ್ಬರು, ಪ್ರದರ್ಶನ ಕಲೆಗಳ ಪ್ರೌಢಶಾಲೆಗೆ ಅರ್ಜಿ ಹಾಕುವಂತೆ ಪ್ರೋತ್ಸಾಹಿಸಿದರು. ಒಬ್ಬ ಉಪಾಧ್ಯಾಯನ ಕಣ್ಣು ಒಂದು ಜೀವನದ ದಿಕ್ಕನ್ನೇ ತಿರುಗಿಸಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

1955ರಲ್ಲಿ ಮಿಚೆಲ್ಲರು ಪ್ರಸಿದ್ಧ ಸಂಸ್ಥೆಯಾದ ನ್ಯೂಯಾರ್ಕ್ ಸಿಟಿ ಬ್ಯಾಲೆಯನ್ನು ಸೇರಿದರು. ಮುಂದೆ ಅದರ ಪ್ರಧಾನ ನರ್ತಕರ ಸ್ಥಾನಕ್ಕೆ ಏರಿದ ಮೊದಲ ಆಫ್ರಿಕನ್-ಅಮೆರಿಕನ್ ಎನಿಸಿದರು. ಅದರ ನಿರ್ದೇಶಕರಾಗಿದ್ದ ಜಾರ್ಜ್ ಬ್ಯಾಲಂಚೀನ್ 1957ರಲ್ಲಿ ‘ಆಗಾನ್’ ಎಂಬ ಕೃತಿಯನ್ನು ರಚಿಸಿದಾಗ, ಅದರ ಯುಗಳನೃತ್ಯವನ್ನು ಮಿಚೆಲ್ ಮತ್ತು ಬಿಳಿಯ ನರ್ತಕಿ ಡಯಾನಾ ಆಡಮ್ಸ್ ಇವರಿಗಾಗಿಯೇ ಸಂಯೋಜಿಸಿದರು. ಕಪ್ಪು ಬಣ್ಣದ ಗಂಡೂ ಬಿಳಿ ಬಣ್ಣದ ಹೆಣ್ಣೂ ಕೈಹಿಡಿದು ನರ್ತಿಸುವುದನ್ನು ಸಹಿಸದವರು ಆಗ ಅಮೆರಿಕದಲ್ಲಿ ಅನೇಕರಿದ್ದರು. ಅಲ್ಲಿಯ ವಾಣಿಜ್ಯ ದೂರದರ್ಶನವು 1968ರವರೆಗೆ ಆ ನೃತ್ಯವನ್ನು ಪ್ರಸಾರ ಮಾಡಲಿಲ್ಲ.

ಅದೇ 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಅಹಿಂಸೆಯ ಮಾರ್ಗದಿಂದ ಸಮಾನತೆಗಾಗಿ ಹೋರಾಡುತ್ತಿದ್ದ ಆ ಮಹನೀಯರ ಸಾವು ಅಮೆರಿಕದ ಅನೇಕ ನಗರಗಳಲ್ಲಿ ಬೆಂಕಿಯನ್ನೇ ಹೊತ್ತಿಸಿತು. ಮಿಚೆಲ್ಲರು ಆಗ ಬ್ರೆಜಿಲ್ ದೇಶಕ್ಕೆ ಹೋಗಿಬರುತ್ತ, ಅಲ್ಲಿ ಒಂದು ಬ್ಯಾಲೆ ತಂಡವನ್ನು ಕಟ್ಟಲು ನೆರವಾಗುತ್ತಿದ್ದರು. ಮತ್ತೊಮ್ಮೆ ಅತ್ತ ಹೊರಟಿದ್ದಾಗ ಈ ಸುದ್ದಿ ಅವರ ಕಿವಿಗೆ ಬಿದ್ದಿತು. ಪರದೇಶದಲ್ಲಿ ಮಾಡುತ್ತಿರುವ ಕೆಲಸವನ್ನು ತಾನು ಹುಟ್ಟಿದ ಬೀದಿಯಲ್ಲಿ ಏಕೆ ಮಾಡಬಾರದೆಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಮೂಡಿತು. ಕೋಪದಿಂದ ಕಲ್ಲೆತ್ತಿಕೊಂಡವರಿದ್ದರು, ದುಃಖದಿಂದ ಕೈಚೆಲ್ಲಿ ಕುಳಿತವರಿದ್ದರು. ಮಿಚೆಲ್ಲರು ಹಾರ್ಲೆಮ್‌ಗೆ ಹಿಂದಿರುಗಿ ಮಕ್ಕಳಿಗೆ ಪಾಠ ಹೇಳಲು ನಿಂತರು.

ಅವರಿಗೆ ಮೊದಲ ಆಸರೆಯಾದದ್ದು ಹಾರ್ಲೆಮ್ ಕಲಾಶಾಲೆ. ಡೊರೋತಿ ಮೇನರ್ ಎಂಬ ಖ್ಯಾತ ಗಾಯಕಿ ವೇದಿಕೆಯಿಂದ ನಿವೃತ್ತರಾದ ಬಳಿಕ, 1964ರಲ್ಲಿ, ತಮ್ಮ ಪತಿ ಧರ್ಮಗುರುಗಳಾಗಿದ್ದ ಚರ್ಚಿನ ಆವರಣದಲ್ಲಿಯೇ ಇದನ್ನು ಪ್ರಾರಂಭಿಸಿದ್ದರು. 1968ರ ಬೇಸಗೆಯಲ್ಲಿ ಅಲ್ಲಿ ಮಿಚೆಲ್ಲರ ತರಗತಿಗಳು ನಡೆದಾಗ ಬಾಗಿಲನ್ನು ತೆರೆದೇ ಇಡಲಾಗುತ್ತಿತ್ತು. ಸೆಕೆಗೆ ಗಾಳಿ ಬೇಕಾಗಿತ್ತೆಂಬುದು ನಿಜ. ಆದರೆ ಗಾಳಿಯ ಜೊತೆಗೆ ಬೀದಿಯ ಕಣ್ಣುಗಳೂ ಒಳಗೆ ಬಂದವು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಆಟವಾಡುತ್ತಿದ್ದ ಹುಡುಗರು ಇಣುಕಿದರು. ಬ್ಯಾಲೆಯ ಮೈಗಂಟುವ ಉಡುಪನ್ನು ತೊಡಲು ನಾಚುವ ಹುಡುಗರಿಗೆ, ಮೊಣಕಾಲಿನವರೆಗೆ ಕತ್ತರಿಸಿದ ಜೀನ್ಸ್ ಚಡ್ಡಿಯಲ್ಲಿಯೇ ಅಭ್ಯಾಸ ಮಾಡಲು ಮಿಚೆಲ್ಲರು ಅನುಮತಿಯಿತ್ತರು. ಪಿಯಾನೋದ ಜೊತೆಗೆ ಮದ್ದಳೆಯಂಥ ಚರ್ಮವಾದ್ಯಗಳ ತಾಳವನ್ನೂ ಸೇರಿಸಿದರು. ಮಕ್ಕಳಿಗೆ ಪರಿಚಿತವಾದುದರಿಂದ ಹೊರಟು ಅಪರಿಚಿತವಾದುದರ ಕಡೆಗೆ ಕರೆದೊಯ್ಯುವ ಉಪಾಧ್ಯಾಯನ ಜಾಣ್ಮೆ ಇದು. ಆದರೆ ಹೆಜ್ಜೆಯ ಶುದ್ಧಿಯಲ್ಲಿ ಮಾತ್ರ ಅವರು ಎಳ್ಳಷ್ಟೂ ರಿಯಾಯಿತಿ ತೋರಲಿಲ್ಲ. 30 ಮಕ್ಕಳಿಂದ ಪ್ರಾರಂಭವಾದ ತರಗತಿಗೆ ಕೆಲವೇ ತಿಂಗಳುಗಳಲ್ಲಿ 400 ಮಕ್ಕಳು ಬಂದರು.

1969ರಲ್ಲಿ ಮಿಚೆಲ್ಲರೂ ಅವರ ಗುರುಗಳಾದ ಕಾರೆಲ್ ಶೂಕ್ ಅವರೂ ಸೇರಿ ‘ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶೂಕ್ ಬಿಳಿಯರು. ಬ್ಯಾಲೆಯ ಬಾಗಿಲು ಕಪ್ಪು ಜನಾಂಗದವರಿಗೆ ಮುಚ್ಚಿದ್ದ ಕಾಲದಲ್ಲಿಯೂ ಅವರಿಗೆ ಪಾಠ ಹೇಳಿಕೊಟ್ಟ ಕೆಲವೇ ಗುರುಗಳಲ್ಲಿ ಒಬ್ಬರು. ನೆದರ್‌ಲ್ಯಾಂಡ್ಸಿನಲ್ಲಿ ತಮಗಿದ್ದ ಉನ್ನತ ಸ್ಥಾನವನ್ನು ಬಿಟ್ಟು ಶಿಷ್ಯನ ಕರೆಗೆ ಓಗೊಟ್ಟು ಬಂದರು. ಆದರೆ ಸಂಸ್ಥೆಗೆ ಹೆಸರಿದ್ದಿತೇ ಹೊರತು ಮನೆಯಿರಲಿಲ್ಲ. ಹಾರ್ಲೆಮ್‌ನ ಚರ್ಚೊಂದರ ನೆಲಮಾಳಿಗೆಯಲ್ಲಿ ಪಾಠಗಳು ನಡೆದವು.

ನೃತ್ಯಕ್ಕೆ ನೆಲಮಾಳಿಗೆ ಏಕೆ ಸಾಲದೆಂಬುದನ್ನು ಇಲ್ಲಿ ತಿಳಿಯಬೇಕು. ಬ್ಯಾಲೆಯಲ್ಲಿ ನರ್ತಕನು ನರ್ತಕಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯುವುದುಂಟು. ಚಾವಣಿ ತಗ್ಗಾಗಿದ್ದರೆ ಅದು ಸಾಧ್ಯವಿಲ್ಲ. ಓಡಿಬಂದು ನೆಗೆಯುವ ದಾರಿಯಲ್ಲಿ ಕಂಬಗಳಿರಬಾರದು. ಎಲ್ಲಕ್ಕಿಂತ ಮುಖ್ಯವಾದುದು ನೆಲ. ನೆಗೆದು ಇಳಿಯುವಾಗ ಕಾಲಿನ ಮೇಲೆ ಬೀಳುವ ಒತ್ತಡವು ದೇಹದ ತೂಕದ ಹಲವು ಪಟ್ಟು ಇರುತ್ತದೆ. ಕಲ್ಲಿನ ಅಥವಾ ಕಾಂಕ್ರೀಟಿನ ನೆಲ ಆ ಒತ್ತಡವನ್ನು ಹೀರಿಕೊಳ್ಳದೆ ಕಾಲಿಗೇ ಹಿಂದಿರುಗಿಸುತ್ತದೆ. ದಿನವೂ ಹೀಗಾದರೆ ಮೊಣಕಾಲು ನೋಯುತ್ತದೆ, ಕಣಕಾಲಿನ ಎಲುಬು ಸೀಳುಬಿಡುತ್ತದೆ. ಬೆಳೆಯುವ ಮಕ್ಕಳಿಗೆ ಅದು ಜೀವಮಾನದ ಊನವಾಗಬಹುದು. ಆದ್ದರಿಂದ ನೃತ್ಯಶಾಲೆಯಲ್ಲಿ ಗಟ್ಟಿ ನೆಲದ ಮೇಲೆ ಮರದ ಪಟ್ಟಿಗಳನ್ನು ಅಡ್ಡಡ್ಡಲಾಗಿ, ಒಂದರ ಮೇಲೊಂದು ಸಾಲಾಗಿ ಜೋಡಿಸಿ, ನಡುವೆ ಗಾಳಿಗೆ ತೆರಪು ಬಿಟ್ಟು, ಅವುಗಳ ಮೇಲೆ ಹಲಗೆಗಳನ್ನು ಹಾಸುತ್ತಾರೆ. ಅಂಥ ನೆಲ ಕಾಲಿನ ಕೆಳಗೆ ಅತಿ ಸ್ವಲ್ಪ ಬಾಗಿ ಮತ್ತೆ ಮೇಲೇಳುತ್ತದೆ. ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಮರದ ಹಿಡಿಗಂಬಿ ಇರಬೇಕು. ಪ್ರತಿಯೊಂದು ಪಾಠವೂ ಅದನ್ನು ಹಿಡಿದುಕೊಂಡೇ ಪ್ರಾರಂಭವಾಗುತ್ತದೆ. ತನ್ನ ತಪ್ಪನ್ನು ತಾನೇ ಕಂಡುಕೊಳ್ಳಲು ಎದುರಿನ ಗೋಡೆಗೆ ದೊಡ್ಡ ಕನ್ನಡಿಗಳು ಬೇಕು. ಚಳಿಗೆ ಸ್ನಾಯುಗಳು ಬಿಗಿದುಕೊಳ್ಳದಂತೆ ಕೋಣೆ ಬೆಚ್ಚಗಿರಬೇಕು.

ಇಷ್ಟೆಲ್ಲಕ್ಕೂ ಹಣವೆಲ್ಲಿ? ಮಿಚೆಲ್ಲರು ಮೊದಲು ತಮ್ಮ ಕೈಯನ್ನು ತಮ್ಮ ಜೇಬಿಗೇ ಹಾಕಿದರು. ನರ್ತಿಸಿ ಗಳಿಸಿ ಉಳಿಸಿದ್ದ 25,000 ಡಾಲರುಗಳನ್ನು ಶಾಲೆಗಾಗಿ ವೆಚ್ಚ ಮಾಡಿದರು. ಅನಂತರ ಫೋರ್ಡ್ ಪ್ರತಿಷ್ಠಾನವು 3,15,000 ಡಾಲರುಗಳ ಅನುದಾನವನ್ನು ಮಂಜೂರು ಮಾಡಿತು. ಆದರೆ ಇದಕ್ಕೆ ಒಂದು ಷರತ್ತು ಇದ್ದಿತು. ಇದು ಸಮಪಾಲಿನ ಅನುದಾನ. ಅಂದರೆ, ಬೇರೆಯವರಿಂದ ಶಾಲೆ ಎಷ್ಟು ಹಣವನ್ನು ಕೂಡಿಸುವುದೋ ಅದಕ್ಕೆ ಅನುಗುಣವಾಗಿ ಪ್ರತಿಷ್ಠಾನ ತನ್ನ ಪಾಲನ್ನು ಕೊಡುವುದು. ಮೇಲುನೋಟಕ್ಕೆ ಇದು ಬಡವರ ಮೇಲೆ ಹೊರಿಸಿದ ಹೊರೆಯಂತೆ ತೋರಬಹುದು. ವಿಚಾರಮಾಡಿ ನೋಡಿದರೆ ಇದರಲ್ಲಿ ಒಂದು ಹಿತವೂ ಅಡಗಿದೆ. ಒಬ್ಬನೇ ದಾನಿ ಎಲ್ಲವನ್ನೂ ಕೊಟ್ಟರೆ ಶಾಲೆ ಅವನದಾಗುತ್ತದೆ. ನೂರು ಜನ ಕೊಟ್ಟರೆ ಅದು ಊರಿನದಾಗುತ್ತದೆ. ಒಂದು ಡಾಲರು ಕೊಟ್ಟವನಿಗೂ ತನ್ನದು ಎರಡಾಗುವುದೆಂಬ ಉತ್ಸಾಹವಿರುತ್ತದೆ. ಈ ಪಾಲನ್ನು ಕೂಡಿಸಲು ಮಿಚೆಲ್ಲರು ತಮ್ಮ ಎಳೆಯ ನರ್ತಕರನ್ನು ಕರೆದುಕೊಂಡು ಶಾಲೆ ಕಾಲೇಜುಗಳಿಗೆ ಹೋಗಿ ಸೋದಾಹರಣ ಉಪನ್ಯಾಸಗಳನ್ನು ನೀಡಿದರು. ಬ್ಯಾಲೆ ಎಂದರೇನೆಂದು ಮಾತಿನಿಂದ ವಿವರಿಸುವುದು, ಮರುಕ್ಷಣವೇ ನರ್ತಿಸಿ ತೋರಿಸುವುದು, ಇದು ಅವುಗಳ ಕ್ರಮ. ಹೀಗೆ ಕೈನೀಡಿ ಬೇಡುವ ಬದಲು ಕಲೆಯನ್ನು ಕೊಟ್ಟು ಹಣವನ್ನು ಪಡೆದರು.

ಪಶ್ಚಿಮ 152ನೆಯ ಬೀದಿಯ 466ನೆಯ ಸಂಖ್ಯೆಯ ಗ್ಯಾರೇಜು ಶಾಲೆಯ ಪಾಲಿಗೆ ದೊರೆತದ್ದು ಈ ಪ್ರಯತ್ನದ ಫಲವಾಗಿ. ಗ್ಯಾರೇಜು ನೃತ್ಯಕ್ಕೆ ಹೇಗೆ ಹೊಂದೀತೆಂದು ನಿಮಗೆ ಆಶ್ಚರ್ಯವಾಗಬಹುದು. ಯೋಚಿಸಿ ನೋಡಿ: ಗಾಡಿಗಳು ತಿರುಗಾಡಬೇಕಾದ್ದರಿಂದ ಗ್ಯಾರೇಜುಗಳಲ್ಲಿ ವಿಶಾಲವಾದ ಅವಕಾಶವನ್ನು ಬಿಟ್ಟಿರುತ್ತಾರೆ. ದೊಡ್ಡ ಗಾಡಿಗಳು ಒಳಗೆ ಬರಲೆಂದು ಬಾಗಿಲೂ ಚಾವಣಿಯೂ ಎತ್ತರವಾಗಿರುತ್ತವೆ. ನರ್ತಕನಿಗೆ ಬೇಕಾದವೂ ಇವೇ. ಎಣ್ಣೆಯ ಕಲೆ, ಹೊಗೆಯ ಮಸಿ, ತಣ್ಣನೆಯ ಕಾಂಕ್ರೀಟು ಇವು ತಿದ್ದಬಹುದಾದ ದೋಷಗಳು. ವಿಸ್ತಾರವನ್ನೂ ಎತ್ತರವನ್ನೂ ಹೊಸದಾಗಿ ಕಟ್ಟುವುದಾದರೆ ಅದರ ವೆಚ್ಚ ಬಡ ಸಂಸ್ಥೆಯ ಕೈಗೆಟುಕುವುದಿಲ್ಲ. ಹಳೆಯ ಕಟ್ಟಡವನ್ನು ಕೆಡವದೆ, ಅದರ ಗುಣವನ್ನು ಗುರುತಿಸಿ ಹೊಸ ಕೆಲಸಕ್ಕೆ ಹೊಂದಿಸುವುದು ಮಿತವ್ಯಯದ ಮಾರ್ಗ. 1971ರಲ್ಲಿ ನವೀಕರಣ ಮುಗಿದು, ಮಕ್ಕಳು ನೆಲಮಾಳಿಗೆಯಿಂದ ಬೆಳಕಿಗೆ ಬಂದರು. ಅಂದಿನಿಂದ ಇಂದಿನವರೆಗೆ ಆ ಶಾಲೆಯ ವಿಳಾಸ ಅದೇ.

ಇಂಥ ನವೀಕರಣದ ಕೆಲಸದಲ್ಲಿ ಎರಡು ಬಗೆಯ ಕೈಗಳು ಬೇಕಾಗುತ್ತವೆ. ವಿದ್ಯುತ್ತಿನ ತಂತಿ ಎಳೆಯುವುದು, ಚಾವಣಿಯನ್ನು ಭದ್ರಪಡಿಸುವುದು, ಬಾಗುವ ನೆಲವನ್ನು ಹಾಸುವುದು ಇವೆಲ್ಲ ಬಲ್ಲವರ ಕೆಲಸ. ಇಲ್ಲಿ ಉತ್ಸಾಹವೊಂದನ್ನೇ ನಂಬಿದರೆ ಅಪಾಯ. ಕಸ ತೆಗೆಯುವುದು, ಗೋಡೆಗೆ ಬಣ್ಣ ಬಳಿಯುವುದು, ಸಾಮಾನು ಹೊರುವುದು, ಬಟ್ಟೆ ಹೊಲಿಯುವುದು, ಕೆಲಸ ಮಾಡುವವರಿಗೆ ಊಟ ಒದಗಿಸುವುದು ಇವು ಊರಿನವರೆಲ್ಲ ಹಂಚಿಕೊಳ್ಳಬಹುದಾದ ಸೇವೆಗಳು. ಯಾವ ಕೆಲಸವನ್ನು ಸ್ವಯಂಸೇವಕರಿಗೆ ಬಿಡಬೇಕು, ಯಾವುದಕ್ಕೆ ಕೂಲಿ ಕೊಡಬೇಕು ಎಂಬ ವಿವೇಕವಿಲ್ಲದೆ ಅನೇಕ ಸತ್ಕಾರ್ಯಗಳು ಅರ್ಧಕ್ಕೆ ನಿಂತಿವೆ.

ದಾನವೆಂದರೆ ಹಣವೊಂದೇ ಎಂದು ತಿಳಿಯಬಾರದು. ಈ ಶಾಲೆಗೆ ಬಂದ ಕೊಡುಗೆಗಳಲ್ಲಿ ಕೆಲವಕ್ಕೆ ಬೆಲೆ ಕಟ್ಟಲಾಗದು. ಬ್ಯಾಲಂಚೀನ್ ತಮ್ಮ ನೃತ್ಯಕೃತಿಗಳನ್ನು ಹೊಸ ತಂಡಕ್ಕೆ ಪ್ರದರ್ಶಿಸಲು ಕೊಟ್ಟರು. ಜೆಲ್ಡಾ ವಿನ್ ವಾಲ್ಡೆಸ್ ಎಂಬ ಕಪ್ಪು ಜನಾಂಗದ ಮಹಿಳೆ ಹೆಸರಾಂತ ಗಾಯಕಿಯರಿಗೂ ನಟಿಯರಿಗೂ ಉಡುಪು ರಚಿಸಿ ಕೀರ್ತಿ ಪಡೆದವರು. ಅರುವತ್ತು ವರ್ಷ ದಾಟಿದ ಮೇಲೆ, 1970ರಲ್ಲಿ, ಮಿಚೆಲ್ಲರ ಕರೆಯಂತೆ ಈ ತಂಡದ ಉಡುಪುಗಳ ಹೊಣೆ ಹೊತ್ತರು. ಬ್ಯಾಲೆಯ ಬಿಗಿಯುಡುಪೂ ಪಾದರಕ್ಷೆಯೂ ಆಗ ಬಿಳಿಯರ ಮೈಬಣ್ಣಕ್ಕೆ ಹೊಂದುವ ತೆಳುಗೆಂಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿದ್ದವು. ಕಪ್ಪು ಮೈಬಣ್ಣದ ನರ್ತಕಿ ಅವುಗಳನ್ನು ತೊಟ್ಟರೆ ಕಾಲು ಬೇರೆಯವರದೇ ಎಂಬಂತೆ ಕಾಣುತ್ತಿದ್ದಿತು. ಈ ಶಾಲೆಯಲ್ಲಿ ಒಬ್ಬೊಬ್ಬ ನರ್ತಕಿಯ ಮೈಬಣ್ಣಕ್ಕೂ ಸರಿಹೊಂದುವಂತೆ ಉಡುಪಿಗೂ ಪಾದರಕ್ಷೆಗೂ ಬಣ್ಣ ಹಾಕುವ ಪದ್ಧತಿ ಬಂದಿತು. ನೋಡಲು ಸಣ್ಣ ವಿಷಯ. ಆದರೆ ನಿನ್ನ ಮೈಬಣ್ಣವೂ ರಂಗಸ್ಥಳಕ್ಕೆ ಸಲ್ಲುತ್ತದೆ ಎಂಬ ಮಾತನ್ನು ಆ ಬಣ್ಣದ ಬೋಗುಣಿ ಪ್ರತಿ ಹುಡುಗಿಗೂ ಹೇಳಿತು. ಫ್ರೀಡ್ ಆಫ್ ಲಂಡನ್ ಎಂಬ ಹಳೆಯ ಪಾದರಕ್ಷೆ ಕಂಪನಿ ಕಂದುಬಣ್ಣದ ಬ್ಯಾಲೆ ಪಾದರಕ್ಷೆಗಳನ್ನು ತಯಾರಿಸಿದ್ದು 2018ರಲ್ಲಿ.

ಇನ್ನೊಂದು ಕೊಡುಗೆ ಇದಕ್ಕಿಂತಲೂ ಹೃದಯಸ್ಪರ್ಶಿಯಾದುದು. ಟ್ಯಾನಕ್ವಿಲ್ ಲ ಕ್ಲೆರ್ಕ್ ನ್ಯೂಯಾರ್ಕ್ ಸಿಟಿ ಬ್ಯಾಲೆಯ ಅಗ್ರಗಣ್ಯ ನರ್ತಕಿ. 1956ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪ್ರವಾಸದಲ್ಲಿದ್ದಾಗ ಪೋಲಿಯೋ ರೋಗ ತಗಲಿ ಅವರ ಕಾಲುಗಳ ಶಕ್ತಿ ಉಡುಗಿತು. ಇಪ್ಪತ್ತೇಳರ ಹರೆಯದಲ್ಲಿ ನೃತ್ಯ ನಿಂತುಹೋಯಿತು. ಅವರನ್ನು ಮಿಚೆಲ್ಲರು ತಮ್ಮ ಶಾಲೆಗೆ ಆಹ್ವಾನಿಸಿದರು. 1970ರ ದಶಕದಲ್ಲಿ ಅವರು ಗಾಲಿಕುರ್ಚಿಯಲ್ಲಿ ಕುಳಿತು, ತಮ್ಮ ಕೈಗಳನ್ನೇ ಕಾಲುಗಳಂತೆ, ಅಂಗೈಗಳನ್ನೇ ಪಾದಗಳಂತೆ ಆಡಿಸುತ್ತ ಹಾರ್ಲೆಮ್‌ನ ಮಕ್ಕಳಿಗೆ ಹೆಜ್ಜೆಗಳನ್ನು ಕಲಿಸಿದರು. ನಡೆಯಲಾರದವರು ನೆಗೆಯುವುದನ್ನು ಕಲಿಸಿದರು. ಕೊಡುವವರು ಯಾರು, ಪಡೆಯುವವರು ಯಾರು ಎಂಬ ಭೇದ ಇಲ್ಲಿ ಅಳಿಸಿಹೋಗುತ್ತದೆ. ಮಕ್ಕಳಿಗೆ ಗುರು ದೊರೆತರು. ಗುರುವಿಗೆ ಕಳೆದುಹೋಗಿದ್ದ ನೃತ್ಯ ಮತ್ತೆ ದೊರೆಯಿತು.

ಆಕ್ಷೇಪಣೆಗಳೂ ಇಲ್ಲದಿರಲಿಲ್ಲ. ಹಸಿವೂ ನಿರುದ್ಯೋಗವೂ ಇರುವಲ್ಲಿ ನೃತ್ಯಕ್ಕೆ ಹಣವೇ ಎಂಬುದು ಒಂದು ಪ್ರಶ್ನೆ. ಯುರೋಪಿನ ಅರಮನೆಯ ಕಲೆ ಆಫ್ರಿಕನ್ ಮೂಲದ ಮಕ್ಕಳಿಗೇಕೆ ಎಂಬುದು ಇನ್ನೊಂದು. ಎರಡೂ ತಳ್ಳಿಹಾಕಬಹುದಾದ ಪ್ರಶ್ನೆಗಳಲ್ಲ. ಮೊದಲನೆಯದಕ್ಕೆ ಮಿಚೆಲ್ಲರ ಉತ್ತರ ಶಿಸ್ತು. ನಿತ್ಯವೂ ಹೊತ್ತಿಗೆ ಸರಿಯಾಗಿ ಬಂದು, ಮೈಮನಗಳನ್ನು ಒಂದೆಡೆ ನಿಲ್ಲಿಸಿ, ತಪ್ಪನ್ನು ನೂರು ಸಲ ತಿದ್ದಿಕೊಳ್ಳುವ ಅಭ್ಯಾಸ ಬಂದ ಮಗು ಮುಂದೆ ಯಾವ ಕೆಲಸ ಹಿಡಿದರೂ ನೆಟ್ಟಗೆ ನಿಲ್ಲುತ್ತದೆಂದು ಅವರು ನಂಬಿದ್ದರು. ಎಲ್ಲರೂ ನರ್ತಕರಾಗಬೇಕೆಂಬುದು ಅವರ ಹಟವಾಗಿರಲಿಲ್ಲ. ಎರಡನೆಯ ಪ್ರಶ್ನೆಗೆ ಅವರ ಶಿಷ್ಯರು ರಂಗಸ್ಥಳದ ಮೇಲೆ ಉತ್ತರವಿತ್ತರು. 1971ರ ಜನವರಿ 8ರಂದು ನ್ಯೂಯಾರ್ಕಿನ ಗುಗೆನ್‌ಹೈಮ್ ವಸ್ತುಸಂಗ್ರಹಾಲಯದಲ್ಲಿ ತಂಡದ ಮೊದಲ ಪ್ರದರ್ಶನ ನಡೆಯಿತು. ಹತ್ತು ವರ್ಷಗಳ ಬಳಿಕ ಲಂಡನ್ನಿನ ರಾಯಲ್ ಆಪೆರಾ ಹೌಸಿನಲ್ಲಿ ಅವರು ನರ್ತಿಸಿದರು. 1984ರಲ್ಲಿ ‘ಜಿಸೆಲ್’ ಎಂಬ ಹಳೆಯ ಯುರೋಪಿಯನ್ ಬ್ಯಾಲೆಯ ಕಥೆಯನ್ನು ಅಮೆರಿಕದ ಲೂಸಿಯಾನಾದ ಕಪ್ಪು ಜನಾಂಗದವರ ನಡುವೆ ನಡೆದಂತೆ ಮಾರ್ಪಡಿಸಿ ಪ್ರದರ್ಶಿಸಿದರು. 1988ರಲ್ಲಿ ಬ್ಯಾಲೆಗೆ ತವರಿನಂತಿದ್ದ ಸೋವಿಯತ್ ಒಕ್ಕೂಟಕ್ಕೆ ಹೋದರು. 1992ರಲ್ಲಿ, ವರ್ಣಭೇದ ನೀತಿ ಕೊನೆಗಾಣುತ್ತಿದ್ದ ದಕ್ಷಿಣ ಆಫ್ರಿಕದಲ್ಲಿ ನರ್ತಿಸಿದುದಲ್ಲದೆ, ಅಲ್ಲಿಯ ಮಕ್ಕಳಿಗೆ ಪಾಠವನ್ನೂ ಹೇಳಿದರು. ಪ್ರೀತಿಯಿಂದ ಸಾಧನೆ ಮಾಡಿದವನಿಗೆ ಕಲೆ ಒಲಿಯುತ್ತದೆ. ಅವನ ಕುಲವನ್ನೂ ಬಣ್ಣವನ್ನೂ ಕೇಳುವುದಿಲ್ಲ.

ಇಷ್ಟು ಕೀರ್ತಿ ಬಂದ ಮೇಲೆ ಶಾಲೆ ಶಾಶ್ವತವಾಗಿ ನೆಮ್ಮದಿಯಿಂದಿದ್ದಿತೆಂದು ಭಾವಿಸಬಾರದು. ಕಟ್ಟಡವನ್ನು ಕಟ್ಟಲು ದಾನಿಗಳು ಮುಂದೆ ಬರುತ್ತಾರೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಆದರೆ ಚಳಿಗಾಲದಲ್ಲಿ ಅದನ್ನು ಬೆಚ್ಚಗಿಡುವ ವೆಚ್ಚ, ಉಪಾಧ್ಯಾಯರ ಸಂಬಳ, ಸವೆದ ನೆಲದ ದುರಸ್ತಿ ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆರಳ ತುದಿಯ ಮೇಲೆ ನಿಲ್ಲಲು ತೊಡುವ ಪಾದರಕ್ಷೆ ಬಟ್ಟೆಯನ್ನು ಅಂಟಿನಿಂದ ಗಟ್ಟಿಗೊಳಿಸಿ ಮಾಡಿದ್ದು. ದೊಡ್ಡ ಪ್ರದರ್ಶನವೊಂದರಲ್ಲಿಯೇ ಒಂದು ಜೊತೆ ಸವೆದುಹೋಗುವುದುಂಟು. ಸಾಲ ಬೆಳೆಯುತ್ತ ಹೋಯಿತು. 2004ರ ವೇಳೆಗೆ ಅದು ಸುಮಾರು 23 ಲಕ್ಷ ಡಾಲರುಗಳಿಗೆ ಏರಿದಾಗ ನರ್ತಕರ ತಂಡವನ್ನು ನಿಲ್ಲಿಸಬೇಕಾಯಿತು. ಶಾಲೆಯ ಬಾಗಿಲೂ ಕೆಲಕಾಲ ಮುಚ್ಚಿತು.

ಆ ಬಾಗಿಲನ್ನು ಮತ್ತೆ ತೆರೆಸಿದ್ದು ತುರ್ತಿನ ದೇಣಿಗೆಗಳು. ಶಾಲೆ ಮೊದಲು ತೆರೆಯಿತು. ತಂಡ ಹಿಂದಿರುಗಲು ಎಂಟು ವರ್ಷಗಳು ಬೇಕಾದವು. ಈ ಕ್ರಮ ಗಮನಿಸತಕ್ಕದ್ದು. ಮರದ ಕೊಂಬೆ ಮುರಿದರೂ ಬೇರು ಉಳಿದರೆ ಅದು ಮತ್ತೆ ಚಿಗುರುತ್ತದೆ. 2012ರಲ್ಲಿ ತಂಡವನ್ನು ಮತ್ತೆ ಕಟ್ಟಿದವರು ವರ್ಜೀನಿಯಾ ಜಾನ್‌ಸನ್. ಪ್ರಾರಂಭದ ದಿನಗಳಲ್ಲಿ ಮಿಚೆಲ್ಲರಿಂದ ಪಾಠ ಕಲಿತು ತಂಡದ ಪ್ರಧಾನ ನರ್ತಕಿಯಾಗಿದ್ದವರೇ ಅವರು. 2018ರ ಸೆಪ್ಟೆಂಬರ್ 19ರಂದು, ತಮ್ಮ 84ನೆಯ ವಯಸ್ಸಿನಲ್ಲಿ ಮಿಚೆಲ್ಲರು ತೀರಿಕೊಂಡಾಗ, ಶಾಲೆಯೂ ತಂಡವೂ ಎರಡೂ ನಡೆಯುತ್ತಿದ್ದವು. 2021ರಲ್ಲಿ ಮೆಕೆಂಜಿ ಸ್ಕಾಟ್ ಎಂಬ ದಾನಿ ಸಂಸ್ಥೆಗೆ 1 ಕೋಟಿ ಡಾಲರುಗಳನ್ನು ನೀಡಿದರು.

ಮಿಚೆಲ್ಲರಿಗೆ ಮೊದಲು ಸ್ಥಳವನ್ನು ಕೊಟ್ಟ ಹಾರ್ಲೆಮ್ ಕಲಾಶಾಲೆಯ ಕಥೆಯೂ ಇದೇ ಬಗೆಯದು. ಡೊರೋತಿ ಮೇನರ್ ಅವರು ದಾನಿಗಳಿಂದ ಹಣ ಕೂಡಿಸಿ ಅದಕ್ಕೆ ಸ್ವಂತ ಕಟ್ಟಡವನ್ನು ಕಟ್ಟಿಸಿದರು. ಕಾಲಾಂತರದಲ್ಲಿ ಅದೂ ಮುಚ್ಚುವ ಸ್ಥಿತಿಗೆ ಬಂದಿತು. 2010ರಲ್ಲಿ ಹರ್ಬ್ ಆಲ್ಪರ್ಟ್ ಎಂಬ ಪ್ರಸಿದ್ಧ ತುತ್ತೂರಿ ವಾದಕರ ಪ್ರತಿಷ್ಠಾನವು ನೆರವಿಗೆ ಬಂದು ಅದನ್ನು ಉಳಿಸಿತು. ಅದೇ ಪ್ರತಿಷ್ಠಾನದ ದಾನದಿಂದ, ಸುಮಾರು ಹತ್ತು ವರ್ಷಗಳ ಬಳಿಕ, ಕಟ್ಟಡವನ್ನು ನವೀಕರಿಸಲಾಯಿತು. ಬೀದಿಯ ಕಡೆಗಿದ್ದ ಇಟ್ಟಿಗೆಯ ಗೋಡೆಯನ್ನು ತೆಗೆದು, ಅಲ್ಲಿ ಗಾಜಿನ ಗೋಡೆಯನ್ನು ನಿಲ್ಲಿಸಿದರು. ಬೀದಿಯ ಜನರಿಗೆ ಒಳಗಿನ ಕಲೆ ಕಾಣುವಂತಾಯಿತು. ಒಳಗಿನ ಮಕ್ಕಳಿಗೆ ಬೀದಿ ಕಾಣುವಂತಾಯಿತು.

ಯಾವ ಊರಿನಲ್ಲಿಯೇ ಆಗಲಿ, ಕಲೆಗೊಂದು ಮನೆಯನ್ನು ಕಟ್ಟಲು ಹೊರಟವರು ಮೊದಲು ಕಲ್ಲು, ಮರ, ಗಾರೆಗಳ ಲೆಕ್ಕವನ್ನು ಹಾಕುತ್ತಾರೆ. ಆ ಲೆಕ್ಕ ಅವಶ್ಯಕ. ಆದರೆ ಅದರೊಡನೆ ಇನ್ನೊಂದು ಲೆಕ್ಕವೂ ಬೇಕು: ದಾರಿಯಲ್ಲಿ ಹೋಗುವ ಮಗು ಒಳಗೆ ಇಣುಕಲು ಸಾಧ್ಯವೇ? ಇಣುಕಿದ ಮಗುವನ್ನು ಒಳಗೆ ಬಾ ಎಂದು ಕರೆಯುವವರಿದ್ದಾರೆಯೇ? ಕರೆದು ಕಲಿಸುವವರನ್ನು ವರ್ಷ ವರ್ಷವೂ ಪೋಷಿಸುವವರಿದ್ದಾರೆಯೇ? ಈ ಮೂರಕ್ಕೂ ಹೌದೆಂಬ ಉತ್ತರವಿದ್ದರೆ ಹಳೆಯ ಗ್ಯಾರೇಜೂ ಅರಮನೆಯಾಗುತ್ತದೆ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಬ್ಯಾಲೆಯ ಹೆಜ್ಜೆಗಳಿಗೆ ಫ್ರೆಂಚ್ ಹೆಸರುಗಳಿರಲು ಕಾರಣವೇನು?
2. ಕಾರೆಲ್ ಶೂಕ್ ಯಾರು?
3. ಸಮಪಾಲಿನ ಅನುದಾನವೆಂದರೇನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ:
1. ಗ್ಯಾರೇಜಿನ ಕಟ್ಟಡ ನೃತ್ಯಶಾಲೆಗೆ ಹೊಂದಿಕೊಂಡದ್ದು ಹೇಗೆ?
2. ಕಾಂಕ್ರೀಟಿನ ನೆಲದ ಮೇಲೆ ಬ್ಯಾಲೆಯನ್ನು ಅಭ್ಯಾಸ ಮಾಡಬಾರದು, ಏಕೆ?
3. ಉಡುಪಿಗೂ ಪಾದರಕ್ಷೆಗೂ ಬಣ್ಣ ಹಾಕುವ ಪದ್ಧತಿಯ ಮಹತ್ವವೇನು?

ಇ. ಸಂದರ್ಭ ಸಹಿತ ವಿವರಿಸಿರಿ:
1. ‘ನಡೆಯಲಾರದವರು ನೆಗೆಯುವುದನ್ನು ಕಲಿಸಿದರು.’
2. ‘ನೂರು ಜನ ಕೊಟ್ಟರೆ ಅದು ಊರಿನದಾಗುತ್ತದೆ.’

ಈ. ಚರ್ಚಿಸಿರಿ:
ನಿಮ್ಮ ಊರಿನಲ್ಲಿ ಬಳಕೆಯಿಲ್ಲದೆ ನಿಂತಿರುವ ಕಟ್ಟಡವೊಂದನ್ನು ಮಕ್ಕಳ ಕಲಾಶಾಲೆಯನ್ನಾಗಿ ಮಾಡುವುದಾದರೆ ಯಾವ ಕೆಲಸಗಳನ್ನು ನೀವೇ ಮಾಡಬಹುದು? ಯಾವ ಕೆಲಸಗಳಿಗೆ ಬಲ್ಲವರ ನೆರವು ಬೇಕು?